ಹಲಗೆಯ ಮೇಲಿನ ಕ್ಯಾಡಿಲ್ಯಾಕು

1935ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಮೋಟಾರು ಪ್ರದರ್ಶನದಲ್ಲಿ ಕೋರ್ಡ್ 810 ಎಂಬ ಹೊಸ ಗಾಡಿಯನ್ನು ಜನರ ಮುಂದೆ ನಿಲ್ಲಿಸಿದರು. ಗಾರ್ಡನ್ ಬ್ಯೂರಿಗ್ ಎಂಬ ವಿನ್ಯಾಸಕಾರನು ರೂಪಿಸಿದ ಗಾಡಿ ಅದು. ಮುಂದಿನ ದೀಪಗಳು ಮಡಿಗಾರ್ಡಿನೊಳಗೆ ಅಡಗಿ ಕುಳಿತಿದ್ದವು. ಇಂಜಿನಿನ ಶಕ್ತಿ ಹಿಂದಿನ ಚಕ್ರಗಳಿಗೆ ಬದಲಾಗಿ ಮುಂದಿನ ಚಕ್ರಗಳಿಗೆ ಹೋಗುತ್ತಿತ್ತು. ನೋಡಿದವರು ಬೆರಗಾದರು, ಹಣವುಳ್ಳವರು ಮುಂಗಡ ಕೊಟ್ಟರು. ಕ್ರಿಸ್ಮಸ್ಸಿನೊಳಗೆ ಗಾಡಿ ಮನೆಯ ಬಾಗಿಲಿಗೆ ಬರುವುದೆಂದು ಮಾತಾಯಿತು. ಆದರೆ ಗೇರುಪೆಟ್ಟಿಗೆಯ ತೊಡಕು ಬಗೆಹರಿಯಲಿಲ್ಲ, ಕಾರ್ಖಾನೆ ಮಾತಿಗೆ ತಪ್ಪಿತು. ಮುಂಗಡ ಕೊಟ್ಟವರ ಮನೆಗೆ ಗಾಡಿಯ ಬದಲು ಹೋದದ್ದು ಅಮೃತಶಿಲೆಯ ಪೀಠದ ಮೇಲೆ ಕೂಡಿಸಿದ, ಅದೇ ಗಾಡಿಯ ಪುಟ್ಟ ಕಂಚಿನ ಪ್ರತಿಕೃತಿ!

ಅಮೇರಿಕೆಯ ಲಕ್ಷ್ಮೀಪುತ್ರರೇ ಆ ಚಳಿಗಾಲದಲ್ಲಿ ಬೊಂಬೆ ಕಾರನ್ನು ಮೇಜಿನ ಮೇಲಿಟ್ಟುಕೊಂಡು ನಿಜವಾದ ಕಾರಿನ ದಾರಿ ಕಾಯ್ದರು. ಅಂದ ಮೇಲೆ, ನಮ್ಮ ಹೊಟೇಲಿನ ತರುಣನೊಬ್ಬನು ತನ್ನ ಖೋಲಿಯ ಹಲಗೆಯ ಮೇಲೆ ಒಂದು ಕ್ಯಾಡಿಲ್ಯಾಕಿನ ಪ್ರತಿಕೃತಿಯನ್ನಿಟ್ಟರೆ ಅದೇನು ಮಹಾಪರಾಧವೆ?

ಈ ಪ್ರಶ್ನೆಯನ್ನೆತ್ತಲು ಕಾರಣವುಂಟು. ಮಾಟುಂಗದ ಕಡೆಯ ಹೊಟೇಲೊಂದರ ಗಲ್ಲಾದಲ್ಲಿ ಕೂಡುವ ಒಬ್ಬ ತರುಣನು, 1959ನೆಯ ಇಸವಿಯ ಕ್ಯಾಡಿಲ್ಯಾಕ್ ಎಲ್ಡೊರಾಡೋ ಗಾಡಿಯ ಎರಕದ ಪ್ರತಿಕೃತಿಯೊಂದನ್ನು, ನಾಲ್ಕು ತಿಂಗಳ ಉಳಿತಾಯವನ್ನು ಸುರಿದು ಕೊಂಡನು. ಅವನ ಸೋದರಮಾವನವರು ನಮ್ಮ ಕಚೇರಿಗೆ ಬಂದು, "ನೀವು ಪತ್ರಿಕೆಯವರು ಇದಕ್ಕೆ ನಾಲ್ಕು ಮಾತು ಬರೆಯಬೇಕು. ಊರಿನಲ್ಲಿ ಮನೆಯ ಹೆಂಚು ತೆಗೆಸಬೇಕಾಗಿದೆ, ಇಲ್ಲಿ ಇವನಿಗೆ ಆಟಿಗೆ ಬೇಕಾಗಿದೆ" ಎಂದು ಕೆಂಡವಾದರು. ಹುಡುಗನನ್ನು ಕರೆಸಿ ಕೇಳಿದೆವು. "ಇದು ಆಟಿಗೆಯಲ್ಲ ಸ್ವಾಮಿ, ಐದು ವರ್ಷದಲ್ಲಿ ನಾಲ್ಕು ಪಟ್ಟು ಬೆಲೆ ಬರುತ್ತದೆ. ಡಬ್ಬಿಯ ಮೊಹರನ್ನೇ ಒಡೆದಿಲ್ಲ" ಎಂದು ಅವನು ಉತ್ತರ ಕೊಟ್ಟನು. ಮಾರಿದವನು ವಾಟ್ಸ್ಯಾಪಿನಲ್ಲಿ ಹಾಗೆಂದು ಬರೆದಿದ್ದನಂತೆ. ಇನ್ನೊಂದಕ್ಕೆ ಮುಂಗಡವನ್ನೂ ಕಟ್ಟಿಸಿಕೊಂಡಿದ್ದನಂತೆ.

ಮಾವನವರ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ಅಳಿಯನ ಮಾತು ಅದಕ್ಕಿಂತಲೂ ಕಡಿಮೆ ಒಪ್ಪಿಗೆಯಾಯಿತು. ಕೊಂಡ ವಸ್ತುವನ್ನು ಕಣ್ಣಾರೆ ನೋಡದೆ ಡಬ್ಬಿಯಲ್ಲಿಯೇ ಇಟ್ಟವನಿಗೆ, ಅದರೊಳಗೆ ಕ್ಯಾಡಿಲ್ಯಾಕ್ ಇದ್ದರೇನು, ಇಟ್ಟಿಗೆಯ ತುಂಡು ಇದ್ದರೇನು?

ಮೊದಲು ಈ ಗಾಡಿಗಳ ಯೋಗ್ಯತೆಯನ್ನು ತಿಳಿಯಬೇಕು. ಡ್ಯೂಸೆನ್‌ಬರ್ಗ್ ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಜರ್ಮನಿಯಲ್ಲಿ ಹುಟ್ಟಿ ಅಮೇರಿಕೆಗೆ ವಲಸೆ ಹೋದ ಫ್ರೆಡ್ ಮತ್ತು ಆಗಸ್ಟ್ ಎಂಬ ಅಣ್ಣತಮ್ಮಂದಿರ ಹೆಸರು ಅದು. ಅವರ 'ಜೆ' ಮಾದರಿಯ ಗಾಡಿ 1928ರ ಡಿಸೆಂಬರಿನಲ್ಲಿ ಹೊರಬಂದಿತು. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಇಂಜಿನು, 265 ಅಶ್ವಶಕ್ತಿ. ಬರಿಯ ಷಾಸಿಗೇ 8,500 ಡಾಲರು. ಮೇಲಿನ ಮೈಯನ್ನು ಕೊಂಡವನು ತನಗೆ ಬೇಕಾದ ಕುಶಲಿಗಳಿಂದ ಬೇರೆಯಾಗಿ ಕಟ್ಟಿಸಿಕೊಳ್ಳಬೇಕು. ಅದೇ ಕಾಲದಲ್ಲಿ ಫೋರ್ಡ್ ಕಂಪನಿಯ ಸಾಧಾರಣ ಗಾಡಿ ಐನೂರು ಡಾಲರಿನ ಆಸುಪಾಸಿಗೆ ಇಡಿಯಾಗಿ ದೊರೆಯುತ್ತಿತ್ತು. ಮರುವರ್ಷವೇ ಅಮೇರಿಕೆಯ ಶೇರುಪೇಟೆ ಕುಸಿಯಿತು. 1937ರಲ್ಲಿ ಕಂಪನಿ ಬಾಗಿಲು ಹಾಕುವ ವೇಳೆಗೆ ತಯಾರಾಗಿದ್ದ 'ಜೆ' ಗಾಡಿಗಳು ಐನೂರನ್ನೂ ಮುಟ್ಟಿರಲಿಲ್ಲ. ಅವುಗಳಲ್ಲೊಂದು ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು: ಇಂದೂರಿನ ಮಹಾರಾಜ ಎರಡನೆಯ ಯಶವಂತರಾವ್ ಹೋಳ್ಕರರಿಗಾಗಿ ಲಂಡನ್ನಿನ ಗರ್ನಿ ನಟ್ಟಿಂಗ್ ಸಂಸ್ಥೆಯವರು ಮೈ ಕಟ್ಟಿದ 'ಎಸ್‌ಜೆ' ಗಾಡಿ.

ಕ್ಯಾಡಿಲ್ಯಾಕಿನವರು 1930ರ ಜನವರಿಯಲ್ಲಿ ಹದಿನಾರು ಸಿಲಿಂಡರಿನ ಗಾಡಿಯನ್ನು ಹೊರತಂದರು. ಹನ್ನೊಂದು ವರ್ಷಗಳ ಮಾಡಿಕೆಯಲ್ಲಿ ಅದರ ಸಂಖ್ಯೆ ಒಟ್ಟು ಸುಮಾರು ನಾಲ್ಕು ಸಾವಿರ. ಅವರದೇ 1953ರ ಎಲ್ಡೊರಾಡೋ ಗಾಡಿಗಳು ಕೇವಲ 532. ಪ್ಯಾಕಾರ್ಡ್ ಕಂಪನಿ 1899ರಿಂದ ಹೆಸರು ಗಳಿಸಿತ್ತು; 1956ರಲ್ಲಿ ಡೆಟ್ರಾಯಿಟಿನ ಅದರ ಕಾರ್ಖಾನೆಯಲ್ಲಿ ಗಾಡಿ ಮಾಡುವುದು ನಿಂತಿತು, ಎರಡು ವರ್ಷದೊಳಗೆ ಹೆಸರೂ ಅಳಿಯಿತು.

ಈ ಅಂಕೆಗಳ ಅರ್ಥವೇನು? ಅಮೇರಿಕೆಯವರೆಲ್ಲರೂ ಇಂತಹ ಗಾಡಿಗಳಲ್ಲಿ ತಿರುಗಾಡುತ್ತಿದ್ದರೆಂದು ನಾವು ಚಲಚ್ಚಿತ್ರ ನೋಡಿ ತಿಳಿದಿದ್ದೇವೆ. ಅದು ಭ್ರಮೆ. ಅಲ್ಲಿನ ಗುಮಾಸ್ತನೂ ಹೊಟೇಲಿನ ಸಪ್ಲೈಯರನೂ ಅವನ್ನು ಬೀದಿಯ ಬದಿಯಲ್ಲಿ ನಿಂತೇ ನೋಡಿದರು. ಮುಂಬಯಿಯಲ್ಲಿಯೂ ಹಾಗೆಯೇ ಆಯಿತು. ಜನರಲ್ ಮೋಟರ್ಸಿನವರು 1928ರಿಂದ 1954ರವರೆಗೆ ಇದೇ ನಗರದ ಶಿವಡಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿದ್ದರು. ಜೋಡಿಸಿದ ಕೈಗಳೆಷ್ಟೋ, ಅವುಗಳಲ್ಲಿ ಚಕ್ರ ಹಿಡಿದು ಮನೆಗೆ ಹೋದವುಗಳೆಷ್ಟೋ! ಬಡವನಿಗೂ ದೊಡ್ಡ ಗಾಡಿಗೂ ನಡುವೆ ಆ ದೇಶದಲ್ಲಿ ಸೇತುವೆಯಾಗಿ ಬಂದದ್ದು ಪ್ರತಿಕೃತಿ. ಅದನ್ನು ಆಟಿಗೆಯೆಂದು ತಳ್ಳಿಹಾಕುವವರು ಮುಂದಿನ ಸಂಗತಿಯನ್ನು ದಯವಿಟ್ಟು ಗಮನಿಸಬೇಕು.

ಜನರಲ್ ಮೋಟರ್ಸಿಗೆ ಸೇರಿದ, ಗಾಡಿಗಳ ಮೈ ಕಟ್ಟುವ ಫಿಶರ್ ಬಾಡಿ ಎಂಬ ವಿಭಾಗದವರು 1930ರಲ್ಲಿ ಹುಡುಗರಿಗಾಗಿ ಒಂದು ಸ್ಪರ್ಧೆಯನ್ನು ತೆರೆದರು. ಅವರ ಮುದ್ರೆಯಲ್ಲಿ ನೆಪೋಲಿಯನ್ನನ ಕಾಲದ ಒಂದು ರಾಜಸಾರೋಟಿನ ಚಿತ್ರವಿತ್ತು. ಆ ಸಾರೋಟಿನ, ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ, ಮಾದರಿಯನ್ನು ಹುಡುಗರು ತಮ್ಮ ಕೈಯಾರೆ ಮಾಡಿ ಕಳುಹಿಸಬೇಕು: ಮರವನ್ನು ಕೆತ್ತಬೇಕು, ಲೋಹವನ್ನು ಎರೆಯಬೇಕು, ಒಳಗಿನ ಗಾದಿಯನ್ನೂ ಹೊಲಿಯಬೇಕು. ಗೆದ್ದವರಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ. ಮೇಲಿನ ಬಹುಮಾನ 5,000 ಡಾಲರು. ದುಡಿಯುವವರಿಗೆ ಕೆಲಸವಿಲ್ಲದೆ ಊಟಕ್ಕಾಗಿ ಸಾಲುಗಟ್ಟಿ ನಿಂತಿದ್ದ ಕಾಲವದು ಎಂಬುದನ್ನು ಮರೆಯಬಾರದು. ಮುಂದೆ ಸಾರೋಟಿನ ಸ್ಥಾನದಲ್ಲಿ ಹುಡುಗರು ತಾವೇ ಕಲ್ಪಿಸಿದ ಕಾರುಗಳ ಮಾದರಿಗಳು ಬಂದವು. 1968ರವರೆಗೆ ನಡೆದ ಈ ಸ್ಪರ್ಧೆಯಲ್ಲಿ 1947ರಲ್ಲಿ ಗೆದ್ದ ಚಾರ್ಲ್ಸ್ ಜೋರ್ಡನ್ ಎಂಬ ಹುಡುಗನು ಅದೇ ಕಂಪನಿಯನ್ನು ಸೇರಿದನು, ಕ್ಯಾಡಿಲ್ಯಾಕಿನ ವಿನ್ಯಾಸಶಾಲೆಯ ಮುಖ್ಯಸ್ಥನಾದನು, ಕೊನೆಗೆ 1986ರಿಂದ 1992ರವರೆಗೆ ಇಡೀ ಜನರಲ್ ಮೋಟರ್ಸಿನ ವಿನ್ಯಾಸದ ಹೊಣೆ ಹೊತ್ತ ಉಪಾಧ್ಯಕ್ಷನಾದನು. ಹಲಗೆಯ ಮೇಲಿನ ಸಣ್ಣ ಗಾಡಿಯಿಂದ ಬೀದಿಯ ದೊಡ್ಡ ಗಾಡಿ ಹುಟ್ಟಿದ್ದು ಹೀಗೆ.

ಅಷ್ಟೇಕೆ, ದೊಡ್ಡ ಗಾಡಿಯಾದರೂ ಮೊದಲು ಹುಟ್ಟುವುದು ಬೊಂಬೆಯಾಗಿಯೇ. ಹಾರ್ಲಿ ಅರ್ಲ್ ಎಂಬವನು 1927ರಲ್ಲಿ ಜನರಲ್ ಮೋಟರ್ಸಿನ ವಿನ್ಯಾಸ ಶಾಖೆಯನ್ನು ಕಟ್ಟಿ, ಗಾಡಿಯ ಆಕಾರವನ್ನು ಜೇಡಿಮಣ್ಣಿನಲ್ಲಿ ತಿದ್ದಿ ತೀಡುವ ಪದ್ಧತಿಯನ್ನು ಬೇರೂರಿಸಿದನು. 1948ರ ಕ್ಯಾಡಿಲ್ಯಾಕಿನ ಬೆನ್ನಿನಲ್ಲಿ ಮೂಡಿದ ಪುಟ್ಟ ರೆಕ್ಕೆಗಳಿಗೆ, ಯುದ್ಧಕಾಲದ ಪಿ-38 ಎಂಬ ಜೋಡಿಬಾಲದ ವಿಮಾನವು ಸ್ಫೂರ್ತಿ. ಆ ರೆಕ್ಕೆಗಳು ವರ್ಷದಿಂದ ವರ್ಷಕ್ಕೆ ಬೆಳೆದು 1959ರಲ್ಲಿ ಮುಗಿಲಿಗೆ ಚಾಚಿದವು. ಆಮೇಲೆ ಕುಗ್ಗುತ್ತ ಬಂದು 1965ರ ಗಾಡಿಯಲ್ಲಿ ಅಡಗಿದವು. ಈ ಹದಿನೇಳು ವರ್ಷಗಳ ಹುಚ್ಚನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ, ಐದಾರು ಪ್ರತಿಕೃತಿಗಳನ್ನು ಸಾಲಾಗಿಟ್ಟು ಹಿಂದಿನಿಂದ ನೋಡಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಸಂಗ್ರಹದ ಸಾರ್ಥಕ್ಯವಿರುವುದು ಇಲ್ಲಿ. ಒಂದು ಗಾಡಿ ಅಲಂಕಾರ. ಸಾಲಾಗಿ ನಿಂತ ಐದು ಗಾಡಿಗಳು ಇತಿಹಾಸ.

ಇನ್ನು ಅಳಿಯನ 'ನಾಲ್ಕು ಪಟ್ಟಿ'ನ ವಿಚಾರ.

ಯುದ್ಧ ಮುಗಿದ ಮೇಲೆ ಡೆಟ್ರಾಯಿಟಿನಲ್ಲಿ ಎಎಂಟಿ, ಜೋ-ಹ್ಯಾನ್ ಎಂಬ ಸಣ್ಣ ಕಾರ್ಖಾನೆಗಳು ಹುಟ್ಟಿದವು. ಕಾರು ಮಾರುವ ಅಂಗಡಿಗಳಿಗಾಗಿ ಅವು ಆಯಾ ವರ್ಷದ ಗಾಡಿಗಳ ಪ್ಲಾಸ್ಟಿಕ್ ಪ್ರತಿಕೃತಿಗಳನ್ನು, ಮೂಲದ ಇಪ್ಪತ್ತೈದನೆಯ ಒಂದು ಪಾಲಿನ ಅಳತೆಯಲ್ಲಿ ಮಾಡಿಕೊಡುತ್ತಿದ್ದವು. ನಿಜವಾದ ಕ್ಯಾಡಿಲ್ಯಾಕಿನ ಬಣ್ಣವೇ ಪ್ರತಿಕೃತಿಗೂ ಇರುತ್ತಿತ್ತು. ಅಂಗಡಿಗೆ ಬಂದ ಗಿರಾಕಿಗೆ ಬಣ್ಣ ತೋರಿಸಲಿಕ್ಕೆ, ಅವನ ಮಗುವಿನ ಕೈಗೆ ಕೊಟ್ಟು ಅಪ್ಪನ ಮನಸ್ಸನ್ನು ಒಲಿಸಲಿಕ್ಕೆ ಇವು ಬಳಕೆಯಾದವು. ಮಕ್ಕಳು ಅವುಗಳನ್ನು ಎಳೆದರು, ಬೀಳಿಸಿದರು, ಮುರಿದರು. ಅದರ ಮೇಲೆ, ಮೊದಮೊದಲು ಬಳಸಿದ ಅಸಿಟೇಟ್ ಎಂಬ ಪ್ಲಾಸ್ಟಿಕ್ಕು ವರ್ಷಗಳು ಕಳೆದಂತೆ ತಾನಾಗಿಯೇ ಸೊಟ್ಟಗಾಗುತ್ತದೆ. ಇಷ್ಟೆಲ್ಲವನ್ನೂ ದಾಟಿ ನೆಟ್ಟಗೆ ಉಳಿದುಬಂದ ಒಂದು ಗಾಡಿಗೆ ಇಂದು ಒಳ್ಳೆಯ ಬೆಲೆಯಿದೆ.

ಇದಕ್ಕೆ ವಿರುದ್ಧವಾದ ಕಥೆ ಫ್ರ್ಯಾಂಕ್ಲಿನ್ ಮಿಂಟ್, ಡ್ಯಾನ್‌ಬರಿ ಮಿಂಟ್ ಎಂಬ ಸಂಸ್ಥೆಗಳದು. ಮೂಲದ ಇಪ್ಪತ್ತನಾಲ್ಕನೆಯ ಒಂದು ಪಾಲಿನ ಅಳತೆಯಲ್ಲಿ ಅವರು ಎರಕಹೊಯ್ದ ಡ್ಯೂಸೆನ್‌ಬರ್ಗ್, ಪ್ಯಾಕಾರ್ಡ್, ಕ್ಯಾಡಿಲ್ಯಾಕುಗಳು ನಿಜಕ್ಕೂ ಸೊಗಸಾದವು. ಬಾಗಿಲು ತೆರೆಯುತ್ತದೆ, ಬಾನೆಟ್ಟು ಎತ್ತಿದರೆ ಇಂಜಿನು ಕಾಣುತ್ತದೆ. ಆದರೆ ಮಾರಿದ ಬಗೆಯನ್ನು ನೋಡಿ. ಮಾಸಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು, ತಿಂಗಳು ತಿಂಗಳಿಗೆ ಕಂತು, ಜತೆಗೆ ಒಂದು ಪ್ರಮಾಣಪತ್ರ. 'ಇಷ್ಟೇ ಸಂಖ್ಯೆ', 'ವಂಶಪಾರಂಪರ್ಯವಾಗಿ ಇಡತಕ್ಕದ್ದು' ಎಂಬ ಧಾಟಿಯ ಮಾತುಗಳು. 1980ರ, 1990ರ ದಶಕಗಳಲ್ಲಿ ಸಾವಿರಾರು ಸಂಸಾರಸ್ಥರು ಇದನ್ನು ನಂಬಿ ಕೊಂಡು, ಡಬ್ಬಿಸಹಿತ ಜೋಪಾನ ಮಾಡಿದರು. ಫಲವೇನಾಯಿತೆಂದರೆ, ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಕೊಂಡವರು ಮುದುಕರಾಗಿ ತೀರಿಕೊಂಡಂತೆ ಕಪಾಟು ಕಪಾಟುಗಳೇ ಮಾರಾಟಕ್ಕೆ ಬರುತ್ತಿವೆ. ಹಲವು ಗಾಡಿಗಳಿಗೆ ಕೊಟ್ಟ ಬೆಲೆಯೂ ಹುಟ್ಟುವುದಿಲ್ಲ. ಮಗುವಿನ ಕೈಗೆ ಕೊಟ್ಟದ್ದು ಬೆಲೆಬಾಳುವಂತಾಯಿತು, ಮೊಮ್ಮಗನಿಗೆಂದು ಮುಚ್ಚಿಟ್ಟದ್ದು ಅಗ್ಗವಾಯಿತು! ಹೊಟೇಲು ನಡೆಸಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬೀದಿಗೆ ಹತ್ತು ಅಂಗಡಿಗಳಾದ ದಿನ ಯಾರ ಮಸಾಲೆದೋಸೆಯೂ ವಿಶೇಷವಲ್ಲ.

ಈಗ ನಮ್ಮ ನಗರಗಳಲ್ಲಿ ಅದೇ ನಾಟಕದ ಎರಡನೆಯ ಪ್ರದರ್ಶನ ನಡೆಯುತ್ತಿದೆ. ಅಂಗಡಿಯಲ್ಲಿ ಇನ್ನೂರು ರೂಪಾಯಿಯೊಳಗೆ ದೊರೆಯುವ ಬೆರಳುದ್ದದ ಹಾಟ್ ವೀಲ್ಸ್ ಗಾಡಿಗಳನ್ನು ಕೆಲವರು ಗಂಟುಗಟ್ಟಲೆ ಬಾಚಿಕೊಂಡು, ಹುಡುಗರ ಗುಂಪುಗಳಲ್ಲಿ ಮೂರು ಪಟ್ಟು ಐದು ಪಟ್ಟು ಬೆಲೆಗೆ ಮಾರುತ್ತಾರೆ. ದೊಡ್ಡ ಅಳತೆಯ ಗಾಡಿಗಳಿಗಾದರೆ ಮುಂಗಡ, ಕಂತು, ಆಮಿಷ ಎಲ್ಲವೂ ಉಂಟು. ಇದು ವ್ಯಾಪಾರವೆಂದು ಅವರು ಹೇಳಬಹುದು. ಕೊಳ್ಳುವವನಿಗೆ ಮಾರುವ ಪೇಟೆಯೇ ಇಲ್ಲದ ವಸ್ತುವನ್ನು ಬಂಡವಾಳವೆಂದು ನಂಬಿಸುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ. ಮಾಟುಂಗದ ನಮ್ಮ ತರುಣನ ಮುಂಗಡ ಇನ್ನೂ ಹಿಂದಿರುಗಿ ಬಂದಿಲ್ಲ. ಕರೆ ಮಾಡಿದರೆ ಆ ಕಡೆಯಿಂದ ಉತ್ತರವೂ ಇಲ್ಲ. ಹಣ ಕಟ್ಟಿದ ರಸೀತಿ ಅವನ ಫೋನಿನಲ್ಲಿರುವುದರಿಂದ ಗ್ರಾಹಕರ ದೂರು ವಿಭಾಗಕ್ಕೆ ಬರೆಯಿಸಿದ್ದೇವೆ.

ಬೆಲೆಯ ಮಾತು ಹಾಗಿರಲಿ, ಲೋಹವೇ ಕೈಕೊಡಬಹುದು. ಇಂತಹ ಗಾಡಿಗಳನ್ನು ಎರೆಯುವುದು ಹೆಚ್ಚಾಗಿ ಜಮಾಕ್ ಎಂಬ ಮಿಶ್ರಲೋಹದಿಂದ: ಬಹುಭಾಗ ಸತುವು, ನೂರಕ್ಕೆ ನಾಲ್ಕರಷ್ಟು ಅಲ್ಯುಮಿನಿಯಂ, ಜತೆಗೆ ಸ್ವಲ್ಪ ಮೆಗ್ನೀಸಿಯಂ ಮತ್ತು ತಾಮ್ರ. ಕಾರ್ಖಾನೆಯ ಅಜಾಗರೂಕತೆಯಿಂದ ಇದರಲ್ಲಿ ಲವಲೇಶ ಸೀಸ ಬೆರೆತರೂ ಸಾಕು, ವರ್ಷಗಳು ಕಳೆದ ಮೇಲೆ ಒಳಗಿನಿಂದಲೇ ಬಿರುಕು ಬಿಟ್ಟು, ಉಬ್ಬಿ, ಹಳಸಿದ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮದ್ದಿಲ್ಲದ ರೋಗ ಇದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುಂಚೆ ತಯಾರಾದ ಡಿಂಕಿ ಗಾಡಿಗಳಲ್ಲಿ ಎಷ್ಟೋ ಹೀಗೆ ಹಾಳಾದವು. ಡಬ್ಬಿ ತೆರೆಯದೆ ಇಟ್ಟವನಿಗೆ ಇದು ತಿಳಿಯುವುದಾದರೂ ಹೇಗೆ? ಡಿಂಕಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬಹುದು. ಆ ಕಂಪನಿ ಕೈಬಿಟ್ಟ ಹಳೆಯ ಅಚ್ಚುಗಳಲ್ಲಿ ಕೆಲವು 1960ರ ದಶಕದಲ್ಲಿ ಕಲಕತ್ತೆಗೆ ಬಂದು, 'ಡಿಂಕಿ' ಎಂಬ ಅಕ್ಷರಗಳನ್ನು ತಿದ್ದಿ 'ನಿಕ್ಕಿ' ಎಂಬ ಹೆಸರಿನಿಂದ ಇಲ್ಲಿಯೇ ಗಾಡಿಗಳು ತಯಾರಾದವು. ಎರಕವು ಒರಟು, ಬಣ್ಣವು ಒರಟು. ಆದರೂ ಈಗ ಪರದೇಶದ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಚೋರ್ ಬಜಾರಿನಲ್ಲಿ ಹಳೆಯ ಸಾಮಾನು ಕೆದಕುವ ಅಭ್ಯಾಸವಿರುವವರು ಸಣ್ಣ ಗಾಡಿಗಳನ್ನು ಕಂಡಾಗ ತಳವನ್ನು ತಿರುಗಿಸಿ ಓದಲಿ.

ಸೋದರಮಾವನವರಿಗೆ ಈಗ ನಮ್ಮ ಉತ್ತರ. ಹೆಂಚು ತೆಗೆಸುವುದು ಮೊದಲಿನ ಕೆಲಸ, ಒಪ್ಪಿದೆವು. ಊರಿಗೆ ಕಳುಹಿಸುವ ಹಣದಲ್ಲಿ ಒಂದು ಕಾಸು ಕಡಿಮೆಯಾದರೂ ಅಂತಹ ಹವ್ಯಾಸ ನಮಗೆ ಬೇಡ. ಆದರೆ ದಿನಕ್ಕೆ ಹನ್ನೆರಡು ತಾಸು ಗಲ್ಲಾದಲ್ಲಿ ಕೂತು ಪರರ ಹಣ ಎಣಿಸುವವನು, ಸಿಗರೇಟಿಗೂ ಇಸ್ಪೀಟಿಗೂ ಹೋಗದೆ, ಒಂದು ಗಾಡಿಯ ಚಕ್ರದ ಕಡ್ಡಿಗಳನ್ನು ಎಣಿಸಿದರೆ ಅವನನ್ನು ಹೀಯಾಳಿಸತಕ್ಕದ್ದಲ್ಲ. ಮೊಬೈಲಿನ ಜೂಜಿನಲ್ಲಿ ಒಂದೇ ರಾತ್ರಿ ತಿಂಗಳ ಪಗಾರ ಕಳೆದುಕೊಂಡವರನ್ನು ನಾವೂ ನೋಡಿದ್ದೇವೆ, ನೀವೂ ನೋಡಿದ್ದೀರಿ. ಬಡವನ ಮಗ ಸೊಗಸಾದ ವಸ್ತುವನ್ನು ಮೆಚ್ಚುವುದೇ ತಪ್ಪೆಂಬ ಭಾವನೆ ನಮ್ಮ ಹಿರಿಯರಲ್ಲಿ ಕೆಲವರಿಗೆ ಇದೆ. ಪಂಕ್ತಿಯಲ್ಲಿ ಬಡಿಸುವವನಿಗೆ ಹೋಳಿಗೆಯ ರುಚಿ ತಿಳಿದಿರಬಾರದು ಎಂದಂತೆ ಅದು.

ಅಳಿಯನಿಗೆ ನಾವು ಹೇಳಿದ್ದಿಷ್ಟು: ಮೊಹರು ಒಡೆ. ಒಡೆಸಿದೆವು. 1959ರ ಆ ಗಾಡಿ ನಿಜದಲ್ಲಿ 225 ಅಂಗುಲ, ಎಂದರೆ ಹತ್ತೊಂಬತ್ತು ಅಡಿಗೆ ಸ್ವಲ್ಪವೇ ಕಡಿಮೆ ಉದ್ದ; ನಮ್ಮ ಅನೇಕ ವಾಚಕರ ಖೋಲಿಯ ಒಂದು ಗೋಡೆಗಿಂತ ಹೆಚ್ಚು. ಅವನು ಕೊಂಡದ್ದು ಹದಿನೆಂಟನೆಯ ಒಂದು ಪಾಲಿನದಾದ್ದರಿಂದ ಹನ್ನೆರಡೂವರೆ ಅಂಗುಲವಿತ್ತು. ಒಂದು ಸ್ಕೇಲು ತರಿಸಿ ಅಳೆದೆವು, ಸರಿಹೋಯಿತು. ಬಾಲದ ರೆಕ್ಕೆಗೆ ಸಿಕ್ಕಿಸಿದ ಜೋಡಿ ಕೆಂಪುದೀಪಗಳು ರಾಕೆಟ್ಟಿನ ಬಾಯಿಯಂತೆ ಕಂಡವು. ಮುಂದಿನ ಜಾಲರಿಯ ಮಾದರಿಯೇ ಹಿಂದೆಯೂ ಇರುವುದನ್ನು ತೋರಿಸಿದವರು ಮಾವನವರು! ಬಾಗಿಲು ಮುಚ್ಚಿದಾಗ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿತ್ತು; ಕೊಟ್ಟ ಬೆಲೆಗೆ ಅದು ಸಲ್ಲದ ಕೆಲಸವೆಂದು ಅವರೇ ಹೇಳಿದರು. ಆಮೇಲೆ ಇಬ್ಬರೂ ಅರ್ಧ ತಾಸು ನಮ್ಮ ಕಚೇರಿಯ ಮೇಜಿನಿಂದ ಏಳಲಿಲ್ಲ.

ಹೊಸದಾಗಿ ಆರಂಭಿಸುವವರು ಇಷ್ಟು ದೊಡ್ಡದಕ್ಕೆ ಕೈಹಾಕಬೇಕಾಗಿಲ್ಲ. ನಲವತ್ತಮೂರನೆಯ ಒಂದು ಪಾಲಿನ ಅಳತೆ ಎಂಬುದೊಂದಿದೆ. ಆಟದ ರೈಲುಗಳ ಜತೆಗೆ ನಿಲ್ಲಿಸಲೆಂದು, ಒಂದು ಅಡಿಗೆ ಏಳು ಮಿಲಿಮೀಟರಿನ ಲೆಕ್ಕದಲ್ಲಿ ಹುಟ್ಟಿದ ಅಳತೆ ಅದು. ಅದರಲ್ಲಿ ಇದೇ ಕ್ಯಾಡಿಲ್ಯಾಕು ಐದು ಅಂಗುಲವನ್ನು ಸ್ವಲ್ಪವೇ ಮೀರುತ್ತದೆ; ಆರು ಗಾಡಿಗಳು ಒಂದು ಮೊಳದ ಹಲಗೆಯಲ್ಲಿ ಅಡ್ಡಸಾಲಾಗಿ ನಿಲ್ಲುತ್ತವೆ. ಕಿಟಕಿಯ ಬಿಸಿಲು ಬಣ್ಣವನ್ನು ತಿನ್ನುತ್ತದೆ, ಮಳೆಗಾಲದ ತೇವ ಡಬ್ಬಿಯ ರಟ್ಟನ್ನು ತಿನ್ನುತ್ತದೆ, ಅಡುಗೆಯ ಎಣ್ಣೆಹೊಗೆ ಎಲ್ಲವನ್ನೂ ತಿನ್ನುತ್ತದೆ. ಒಲೆಯಿಂದ ದೂರವಿಡಿ. ಧೂಳನ್ನು ಬಟ್ಟೆಯಿಂದ ಒರೆಸದೆ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ; ಕ್ರೋಮಿಯಂ ಬಣ್ಣದ ಲೇಪ ಬಟ್ಟೆಯ ತಿಕ್ಕಾಟಕ್ಕೆ ಎದ್ದುಹೋಗುತ್ತದೆ. ಮುಂಗಡ ಕೊಟ್ಟು ಕೊಳ್ಳಲೇ ಬೇಡಿ. ಕಂತಿನಲ್ಲಂತೂ ಬೇಡವೇ ಬೇಡ.

ರಜೆಯಲ್ಲಿ ಊರಿಗೆ ಹೋಗುವವರು ಧರ್ಮಸ್ಥಳಕ್ಕೆ ಹೋದಾಗ ದೇವರ ದರ್ಶನದ ಬಳಿಕ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ತಪ್ಪದೆ ನೋಡಲಿ. ಮೈಸೂರಿನ ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಕಾರು ವಸ್ತುಸಂಗ್ರಹಾಲಯವೂ ಇದೆ. ಹಲಗೆಯ ಮೇಲೆ ನೋಡಿದ್ದನ್ನು ನಿಜಗಾತ್ರದ ಗಾಡಿಯ ಪಕ್ಕದಲ್ಲಿ ನಿಂತು ನೋಡಿದರೆ, ಅಚ್ಚು ಮಾಡಿದವನು ಎಲ್ಲಿ ಸೋತ, ಎಲ್ಲಿ ಗೆದ್ದ ಎಂಬುದು ಕಾಣುತ್ತದೆ.

ನಮ್ಮ ವಾಚಕರಲ್ಲಿ ಯಾರಾದರೂ ಇಂತಹ ಸಂಗ್ರಹವನ್ನು ಮಾಡುತ್ತಿದ್ದರೆ, ಒಂದೊಂದು ಗಾಡಿಯ ಕೆಳಗೂ ಒಂದು ಚೀಟಿಯಿಡಲಿ: ಹೆಸರು, ಇಸವಿ, ಕಟ್ಟಿದವರು ಯಾರು, ಎಷ್ಟು ತಯಾರಾದವು, ಏಕೆ ನಿಂತುಹೋಯಿತು. ಕನ್ನಡದಲ್ಲಿಯೇ ಬರೆಯಲಿ. ಮಾಟುಂಗದ ತರುಣನು ಮೊದಲನೆಯ ಚೀಟಿಯನ್ನು ಬರೆದು ತಂದು ತೋರಿಸಿದ್ದಾನೆ. ಅಕ್ಷರ ದುಂಡಗಿದೆ, ಎರಡು ತಪ್ಪುಗಳಿವೆ, ತಿದ್ದಿಕೊಟ್ಟಿದ್ದೇವೆ. ಇತರರೂ ಕಳುಹಿಸಿದರೆ ಭಾನುವಾರದ ಪುಟದಲ್ಲಿ ಸ್ಥಳವಿದ್ದಷ್ಟು ಪ್ರಕಟಿಸುತ್ತೇವೆ.